ಕ್ಲೌಡ್ ಪಾಯಿಂಟ್ ಪೆಟ್ಟಿಗೆ: ಬಿಸಿಗೆ ಮಬ್ಬಾಗುವ ಗ್ರಾಫ್ಟ್ ಪಾಲಿಮರ್‌ಗೆ ಎರಡು ಕಣ್ಣು

ಸೋಲುಪ್ಲಸ್ ಎಂಬ ಪಾಲಿಮರ್ (ಸಣ್ಣ ಅಣುಗಳು ಸರಪಳಿಯಾಗಿ ಕೂಡಿದ ಉದ್ದನೆಯ ಅಣು) ಫಾರ್ಮಸಿ ಲ್ಯಾಬ್‌ಗಳಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ. ಬಿಎಎಸ್‌ಎಫ್ ಕಂಪನಿ ತಯಾರಿಸುತ್ತದೆ. ನೀರಲ್ಲಿ ಸರಿಯಾಗಿ ಕರಗದ ಔಷಧಿಗಳನ್ನು ಕರಗಿಸೋಕೆ ಬಳಸುತ್ತಾರೆ. ತಣ್ಣೀರಲ್ಲಿ ಇದು ಕರಗುತ್ತದೆ. ಆ ದ್ರಾವಣವನ್ನು ನಿಧಾನವಾಗಿ ಬಿಸಿ ಮಾಡಿದರೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬೆಳ್ಳಗೆ ಮಬ್ಬಾಗಿಬಿಡುತ್ತದೆ. ತಣಿಯಲು ಬಿಟ್ಟರೆ ಮತ್ತೆ ತಿಳಿಯಾಗುತ್ತದೆ. ಎಷ್ಟು ಸಲ ಮಾಡಿದರೂ ಅಷ್ಟೇ.

ಮಬ್ಬಾಗುವ ಆ ತಾಪಮಾನಕ್ಕೆ ಕ್ಲೌಡ್ ಪಾಯಿಂಟ್ ಅನ್ನುತ್ತಾರೆ. ಅದನ್ನು ಅಳೆಯೋಕೆ ಒಂದು ಪೆಟ್ಟಿಗೆ ಕಟ್ಟಿದ್ದೇನೆ. ಪೆಲ್ಟಿಯರ್ (ಕರೆಂಟಿನಿಂದ ಬಿಸಿ, ತಂಪು ಮಾಡುವ ಬಿಲ್ಲೆ) ಹೋಲ್ಡರ್ ಇರುವ ಸ್ಪೆಕ್ಟ್ರೋಫೋಟೋಮೀಟರ್ ಎಂಬ ಬೆಳಕು ಅಳೆಯುವ ಯಂತ್ರ ಈ ಕೆಲಸ ಮಾಡುತ್ತದೆ, ಆದರೆ ಅದು ದುಬಾರಿ. ಇರುವ ಕಡೆಯೂ ಸರದಿ ಕಾಯಬೇಕು. ಒಂದೇ ಮಾದರಿಯನ್ನು ಗಂಟೆಗಟ್ಟಲೆ ಕೂರಿಸೋಕೆ ಯಾರೂ ಬಿಡುವುದಿಲ್ಲ. ನನಗೆ ಇನ್ನೂ ಮುಖ್ಯವಾದ ಕಾರಣ ಬೇರೆ. ಆ ಯಂತ್ರ ನೇರವಾಗಿ ದಾಟಿ ಬಂದ ಬೆಳಕನ್ನು ಮಾತ್ರ ಅಳೆಯುತ್ತದೆ. ಸೋಲುಪ್ಲಸ್‌ನಂಥ ಗ್ರಾಫ್ಟ್ ಕೋಪಾಲಿಮರ್ ವಿಷಯದಲ್ಲಿ ಅಷ್ಟು ಸಾಲದು.

ನೀರೊಳಗೆ ನಡೆಯುವುದೇನು

ಮೊದಲು ಸಾದಾ ಸರಪಳಿ ನೋಡೋಣ. ಪಾಲಿ ಎನ್-ಐಸೋಪ್ರೊಪೈಲ್ ಅಕ್ರಿಲಮೈಡ್, ಲ್ಯಾಬಲ್ಲಿ ಎಲ್ಲರೂ ಪಿನಿಪಾಮ್ ಅನ್ನುತ್ತಾರೆ. ಹೆಸ್ಕಿನ್ಸ್ ಮತ್ತು ಗಿಲೆಟ್ 1968ರಲ್ಲಿ ಇದರ ದ್ರಾವಣದ ಗುಣಗಳನ್ನು ಬರೆದು ಪ್ರಕಟಿಸಿದರು. ಇದು ಸುಮಾರು 32 ಡಿಗ್ರಿಯಲ್ಲಿ ಮಬ್ಬಾಗುತ್ತದೆ. ಇದರ ಅಮೈಡ್ ಗುಂಪು ನೀರಿನ ಜೊತೆ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತದೆ. ಪಕ್ಕದಲ್ಲೇ ಇರುವ ಐಸೋಪ್ರೊಪೈಲ್ ಗುಂಪಿಗೆ ನೀರು ಆಗಿಬರುವುದಿಲ್ಲ. ಅದರ ಸುತ್ತ ನೀರಿನ ಅಣುಗಳು ಓಡಾಟ ಕಡಿಮೆ ಮಾಡಿ ಸಾಲಾಗಿ ನಿಲ್ಲಬೇಕಾಗುತ್ತದೆ. ತಣ್ಣಗಿರುವಾಗ ಬಂಧದಿಂದ ಸಿಗುವ ಲಾಭ ಜಾಸ್ತಿ, ಹಾಗೆ ನಿಲ್ಲುವುದರ ನಷ್ಟ ಕಡಿಮೆ. ಈ ನಷ್ಟ ಎಂಟ್ರೋಪಿಯದು, ಅಂದರೆ ಅಣುಗಳು ಹೇಗೆ ಬೇಕಾದರೂ ಇರಬಹುದಾದ ಸ್ವಾತಂತ್ರ್ಯದ ಅಳತೆಯದು. ಲೆಕ್ಕದಲ್ಲಿ ಎಂಟ್ರೋಪಿಯನ್ನು ತಾಪಮಾನದಿಂದ ಗುಣಿಸುತ್ತೇವೆ. ಹಾಗಾಗಿ ಬಿಸಿ ಏರಿದಷ್ಟೂ ನಷ್ಟ ದೊಡ್ಡದಾಗುತ್ತದೆ. ಒಂದು ಹಂತ ದಾಟಿದ ಮೇಲೆ ನೀರನ್ನು ಬಿಡುವುದೇ ಲಾಭ. ಹರಡಿಕೊಂಡಿದ್ದ ಸರಪಳಿ ಮುದುಡಿ ಉಂಡೆಯಾಗುತ್ತದೆ. ಆಮೇಲೆ ಉಂಡೆಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ, ಬೆಳಕನ್ನು ಚದುರಿಸುತ್ತವೆ.

ಅಂದರೆ ಇಲ್ಲಿ ಆಗುವುದು ಎರಡು ಕೆಲಸ. ಒಂದು ಮುದುಡುವುದು, ಇನ್ನೊಂದು ಗುಂಪುಗೂಡುವುದು. ಸಾದಾ ಪಿನಿಪಾಮ್‌ನಲ್ಲಿ ಇವೆರಡೂ ಒಂದರ ಬೆನ್ನಿಗೆ ಒಂದು ಆಗುತ್ತವೆ. ಅದಕ್ಕೇ ಒಂದೇ ಅಂತ ಅನ್ನಿಸುತ್ತದೆ.

ಗ್ರಾಫ್ಟ್ ಕೋಪಾಲಿಮರ್‌ನಲ್ಲಿ ಒಂದು ಉದ್ದನೆಯ ಬೆನ್ನೆಲುಬು ಸರಪಳಿ ಇರುತ್ತದೆ. ಅದಕ್ಕೆ ಬಾಚಣಿಗೆಯ ಹಲ್ಲುಗಳ ಹಾಗೆ ಬೇರೆ ಜಾತಿಯ ಸರಪಳಿಗಳು ಅಂಟಿಕೊಂಡಿರುತ್ತವೆ. ಬೆನ್ನೆಲುಬು ನೀರನ್ನು ಇಷ್ಟಪಡುವಂಥದ್ದು, ಪಕ್ಕದ ಸರಪಳಿಗಳು ಬಿಸಿಗೆ ನೀರು ಬಿಡುವಂಥವು ಅಂದುಕೊಳ್ಳಿ. ಬಿಸಿಯಾದಾಗ ಪಕ್ಕದ ಸರಪಳಿಗಳು ಮುದುಡುತ್ತವೆ. ಬೆನ್ನೆಲುಬು ಮಾತ್ರ ನೀರಲ್ಲೇ ಉಳಿದುಕೊಂಡು ಉಂಡೆಗಳನ್ನು ದೂರ ದೂರ ಇಡಲು ನೋಡುತ್ತದೆ. ಆಗ ಮುದುಡುವುದು ಒಂದು ತಾಪಮಾನದಲ್ಲಿ, ಗುಂಪಾಗುವುದು ಅದಕ್ಕಿಂತ ಮೇಲೆ. ಕೆಲವು ಸಲ ಗುಂಪಾಗುವುದೇ ಇಲ್ಲ. ದ್ರಾವಣ ತುಸು ನೀಲಿ ಛಾಯೆಗೆ ತಿರುಗಿ ಅಲ್ಲೇ ನಿಲ್ಲುತ್ತದೆ.

ಪಾಲಿಮರ್‌ನ ಈ ಆಕಾರಕ್ಕೆ ಎಷ್ಟು ಮಹತ್ವ ಇದೆ ಅಂತ ತೋರಿಸಿದ ಕೆಲಸ ಒಂದಿದೆ. 1995ರಲ್ಲಿ ಚೆನ್ ಮತ್ತು ಹಾಫ್‌ಮನ್ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಅಕ್ರಿಲಿಕ್ ಆಮ್ಲವನ್ನು ಪಿನಿಪಾಮ್ ಸರಪಳಿಯೊಳಗೆ ಅಲ್ಲಲ್ಲಿ ಬೆರೆಸಿದರೆ ಆಮ್ಲ ಜಾಸ್ತಿಯಾದಂತೆ ತಾಪಮಾನದ ಗುಣ ಹೊರಟೇ ಹೋಗುತ್ತದೆ. ಅವರು ಪಾಲಿಅಕ್ರಿಲಿಕ್ ಆಮ್ಲವನ್ನು ಬೆನ್ನೆಲುಬಾಗಿ ಇಟ್ಟುಕೊಂಡು ಪಿನಿಪಾಮ್ ಅನ್ನು ಪಕ್ಕದ ಸರಪಳಿಯಾಗಿ ಕೂರಿಸಿದರು. ವಿಶಾಲವಾದ ಪಿಎಚ್ ವ್ಯಾಪ್ತಿಯಲ್ಲಿ ತಾಪಮಾನದ ಗುಣ ಉಳಿಯಿತು. ಸಾಮಗ್ರಿ ಅದೇ, ಜೋಡಿಸಿದ ರೀತಿ ಬೇರೆ.

ಸೋಲುಪ್ಲಸ್ ಕೂಡ ಇದೇ ಕುಟುಂಬದ್ದು. ಬೆನ್ನೆಲುಬು ಪಾಲಿಎಥಿಲೀನ್ ಗ್ಲೈಕಾಲ್ 6000. ಪಕ್ಕದಲ್ಲಿ ವಿನೈಲ್ ಕ್ಯಾಪ್ರೊಲ್ಯಾಕ್ಟಮ್ ಮತ್ತು ವಿನೈಲ್ ಅಸಿಟೇಟ್. ಪ್ರಮಾಣ 13:57:30. ತಣ್ಣಗಿದ್ದಾಗಲೂ ಇದು ಬಿಡಿ ಅಣುಗಳಾಗಿ ಇರುವುದಿಲ್ಲ, ಸಣ್ಣ ಮಿಸೆಲ್‌ಗಳಾಗಿ, ಅಂದರೆ ಹಲವು ಅಣುಗಳ ಪುಟ್ಟ ಗುಂಪುಗಳಾಗಿ ಕೂಡಿಕೊಂಡಿರುತ್ತದೆ. ದ್ರಾವಣ ತುಂಬಿದ ಕುವೆಟ್ ಅನ್ನು (ಮಾದರಿ ಹಾಕುವ ಪುಟ್ಟ ಚೌಕ ಪಾತ್ರೆ) ಕಿಟಕಿಯ ಬೆಳಕಿಗೆ ಹಿಡಿದು ಪಕ್ಕದಿಂದ ನೋಡಿ, ಅಂಚಿನಲ್ಲಿ ತೆಳು ನೀಲಿ ಕಾಣುತ್ತದೆ.

ಬ್ಲಾಕ್

ಪೆಟ್ಟಿಗೆಯ ಹೃದಯ ಒಂದು ಅಲ್ಯೂಮಿನಿಯಂ ಬ್ಲಾಕ್. ನಡುವೆ ಚೌಕದ ತೂತು, ಅದರಲ್ಲಿ 10 ಮಿಲಿಮೀಟರ್ ದಾರಿಯ ಗಾಜಿನ ಕುವೆಟ್ ಕೂರುತ್ತದೆ. ಕುವೆಟ್‌ನ ಹೊರ ಅಳತೆ 12.5 ಮಿಲಿಮೀಟರ್. ಇಡೀ ಬ್ಲಾಕ್‌ನಲ್ಲಿ ಆಳವಾದ ಚೌಕ ತೂತು ಕೊರೆಯುವುದು ಕಷ್ಟ, ಖರ್ಚೂ ಜಾಸ್ತಿ. ಪೀಣ್ಯದ ಒಂದು ವರ್ಕ್‌ಶಾಪ್‌ನವರು ಸುಲಭದ ದಾರಿ ಹೇಳಿದರು. "ಎರಡು ತುಂಡು ಮಾಡಿ ಸರ್, ಎರಡರಲ್ಲೂ ಅರ್ಧರ್ಧ ತೋಡು ಹೊಡೆದು ಬೋಲ್ಟ್ ಹಾಕಿಬಿಡೋಣ." ಹಾಗೇ ಮಾಡಿಸಿದೆ. ಬೋಲ್ಟ್ ಬಿಗಿ ಮಾಡಿದರೆ ಗಾಜಿಗೆ ಲೋಹ ಚೆನ್ನಾಗಿ ತಾಗುತ್ತದೆ. ಮೂಲ ಯೋಜನೆಗಿಂತ ಇದೇ ಒಳ್ಳೆಯದಾಯಿತು.

ಪ್ಲಾಸ್ಟಿಕ್ ಕುವೆಟ್ ಅಗ್ಗ, ಆದರೆ ಪಾಲಿಸ್ಟೈರೀನ್ ಮೂಲಕ ಶಾಖ ನಿಧಾನವಾಗಿ ದಾಟುತ್ತದೆ. ಗಾಜೇ ತಗೊಳ್ಳಿ.

ಬ್ಲಾಕ್‌ನ ಪ್ರತಿ ಮುಖಕ್ಕೂ ಒಂದು ಕೆಲಸ. ಮುಂದೆ ಎಲ್‌ಇಡಿ. ಎದುರಿಗೆ ಹಿಂದೆ ಒಂದು ಫೋಟೋಡಯೋಡ್ (ಬೆಳಕಿನ ಸೆನ್ಸರ್), ದಾಟಿ ಬಂದ ಬೆಳಕಿಗೆ. ಎಡಕ್ಕೆ ಇನ್ನೊಂದು ಫೋಟೋಡಯೋಡ್, 90 ಡಿಗ್ರಿ ಕೋನದಲ್ಲಿ ಚದುರಿದ ಬೆಳಕಿಗೆ. ಬಲಕ್ಕೆ ಪೆಲ್ಟಿಯರ್. ಕೆಳಗೆ ಆಯಸ್ಕಾಂತ ಅಂಟಿಸಿದ ಸಣ್ಣ ಕಂಪ್ಯೂಟರ್ ಫ್ಯಾನ್, ಅದು ಕುವೆಟ್ ತಳದಲ್ಲಿರುವ ಪುಟ್ಟ ಕಲಕುವ ಕಡ್ಡಿಯನ್ನು ತಿರುಗಿಸುತ್ತದೆ. ಮೇಲೆ ಮುಚ್ಚಳ, ಅದರಿಂದ ತಾಪಮಾನ ಅಳೆಯುವ ಥರ್ಮಿಸ್ಟರ್ ಇಳಿಬಿದ್ದಿರುತ್ತದೆ. ಬೆಳಕಿನ ತೂತುಗಳು ಕುವೆಟ್ ತಳದಿಂದ 15 ಮಿಲಿಮೀಟರ್ ಎತ್ತರದಲ್ಲಿವೆ. 3 ಮಿಲಿಲೀಟರ್ ದ್ರಾವಣ ಹಾಕಿದರೆ 30 ಮಿಲಿಮೀಟರ್ ತುಂಬುತ್ತದೆ. ಕಡ್ಡಿ ಬೆಳಕಿಗಿಂತ ಕೆಳಗೆ, ಥರ್ಮಿಸ್ಟರ್ ಬೆಳಕಿಗಿಂತ ಮೇಲೆ, ಯಾವುದೂ ಅಡ್ಡ ಬರುವುದಿಲ್ಲ. ತೂತುಗಳ ಒಳಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿದಿದ್ದೇನೆ. ಇಲ್ಲದಿದ್ದರೆ ಅಲ್ಯೂಮಿನಿಯಂ ಮೇಲೆ ಪ್ರತಿಫಲಿಸಿದ ಬೆಳಕು ಎಡಗಡೆಯ ಕಣ್ಣಿಗೆ ಹೋಗಿ ಸೇರುತ್ತದೆ.

ಪೆಲ್ಟಿಯರ್ ಮಾಮೂಲಿ ಟಿಇಸಿ1-12706. ಹಿಂದೆ ಹಳೆಯ ಸಿಪಿಯು ಹೀಟ್‌ಸಿಂಕ್ ಮತ್ತು ಫ್ಯಾನ್. ಕರೆಂಟಿನ ದಿಕ್ಕು ಬದಲಿಸಿ ಬಿಸಿ, ತಂಪು ಎರಡೂ ಮಾಡೋಕೆ ಬಿಟಿಎಸ್7960 ಮಾಡ್ಯೂಲ್. ಕರೆಂಟಿಗೆ 12 ವೋಲ್ಟಿನ ಎಸ್‌ಎಂಪಿಎಸ್ ಪವರ್ ಸಪ್ಲೈ. ಇವೆಲ್ಲ ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಸಿಗುತ್ತವೆ. ನಿಯಂತ್ರಣಕ್ಕೆ ಆರ್ಡುಯಿನೋ ನ್ಯಾನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಓದೋಕೆ 16 ಬಿಟ್‌ನ ಎಡಿಎಸ್1115, ಇದು ವೋಲ್ಟೇಜನ್ನು ಸಂಖ್ಯೆಯಾಗಿಸುವ ಎಡಿಸಿ ಚಿಪ್. ನ್ಯಾನೋದ ಒಳಗಿರುವ 10 ಬಿಟ್ ಎಡಿಸಿ ದಾಟಿದ ಬೆಳಕಿಗೆ ಸಾಕು, ಚದುರಿದ ಬೆಳಕಿಗೆ ಸಾಲದು. ಅಲ್ಲಿ ಸಂಕೇತ ತುಂಬಾ ಚಿಕ್ಕದು. ಎರಡೂ ಫೋಟೋಡಯೋಡ್ ಬಿಪಿಡಬ್ಲ್ಯೂ34. ಹಿಂದಿನದಕ್ಕೆ 100 ಕಿಲೋಓಮ್ ರೆಸಿಸ್ಟರ್ ಸಾಕಾಯಿತು. ಎಡಗಡೆಯದಕ್ಕೆ ಸಂಕೇತ ದೊಡ್ಡದು ಮಾಡುವ ಎಂಸಿಪಿ6002 ಆಪ್‌ಆಂಪ್ ಮತ್ತು 10 ಮೆಗಾಓಮ್ ಹಾಕಬೇಕಾಯಿತು.

ಬೆಳಕಿಗೆ ರೆಸಿಸ್ಟೆನ್ಸ್ ಬದಲಿಸುವ ಅಗ್ಗದ ಎಲ್‌ಡಿಆರ್ ಯಾಕೆ ಬೇಡ ಅಂತ ಕೇಳಬಹುದು. ಅದು ನಿಧಾನ. ಮೊದಲು ಎಷ್ಟು ಬೆಳಕು ಬಿದ್ದಿತ್ತು ಅನ್ನುವುದರ ಮೇಲೆ ಈಗಿನ ಓದು ಬದಲಾಗುತ್ತದೆ. ಬಿಸಿ ಮಾಡುವಾಗ ಒಂದು ಗೆರೆ, ತಣಿಸುವಾಗ ಇನ್ನೊಂದು ಗೆರೆ ಬಂದರೆ ಅದು ಪಾಲಿಮರ್‌ನದೋ ಎಲ್‌ಡಿಆರ್‌ನದೋ ಅಂತ ಹೇಳೋಕೆ ಆಗಲ್ಲ.

ತಾಪಮಾನ

ಈ ಕೆಲಸದಲ್ಲಿ ಅರ್ಧ ಡಿಗ್ರಿ ಕೂಡ ದೊಡ್ಡದು. ಡಿಎಸ್18ಬಿ20 ಸೆನ್ಸರ್ ಎಲ್ಲರೂ ಬಳಸುತ್ತಾರೆ, ಆದರೆ ಅದರ ಖಾತರಿಯೇ ಅರ್ಧ ಡಿಗ್ರಿ. ಸ್ಟೀಲ್ ಕವಚದ್ದಾದರೆ ದಪ್ಪ ಸುಮಾರು 6 ಮಿಲಿಮೀಟರ್, 10 ಮಿಲಿಮೀಟರ್ ಕುವೆಟ್ ಒಳಗೆ ಅದೇ ತುಂಬಿಕೊಳ್ಳುತ್ತದೆ. ಹಾಗಾಗಿ ಗಾಜಿನ ಮಣಿಯ 10 ಕಿಲೋಓಮ್ ಎನ್‌ಟಿಸಿ ಥರ್ಮಿಸ್ಟರ್ ಹಾಕಿದೆ, ಬಿಸಿಯಾದಂತೆ ಇದರ ರೆಸಿಸ್ಟೆನ್ಸ್ ಇಳಿಯುತ್ತದೆ. ಎಷ್ಟು ಕಡಿದಾಗಿ ಇಳಿಯುತ್ತದೆ ಅಂತ ಹೇಳುವ ಬೀಟಾ ಸಂಖ್ಯೆ 3950. 25 ಡಿಗ್ರಿಯಲ್ಲಿ 10 ಕಿಲೋಓಮ್ ಇರುವುದು 40 ಡಿಗ್ರಿಗೆ ಸುಮಾರು 5.3 ಕಿಲೋಓಮ್ ಆಗುತ್ತದೆ. ಅಷ್ಟು ಬದಲಾವಣೆ ಇದ್ದರೆ ಸಣ್ಣ ವ್ಯತ್ಯಾಸವನ್ನೂ ಹಿಡಿಯಬಹುದು.

ಥರ್ಮಿಸ್ಟರ್ ಓದನ್ನು ನಿಜವಾದ ತಾಪಮಾನಕ್ಕೆ ಹೊಂದಿಸೋಕೆ ಒಂದು ಬಿಂದು ಕರಗುತ್ತಿರುವ ಐಸ್, 0 ಡಿಗ್ರಿ. ಡಿಸ್ಟಿಲ್ಡ್ ನೀರಿನ ಐಸನ್ನೇ ಪುಡಿ ಮಾಡಿ ಅದೇ ನೀರಿನ ಜೊತೆ ಇಟ್ಟು ಕಲಕುತ್ತಿರಬೇಕು. ಮೇಲಿನ ಬಿಂದುವಿಗೆ ಕುದಿಯುವ ನೀರನ್ನು ನಂಬಬೇಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನೀರು ಇಲ್ಲಿ 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ನಾನು 25ರಿಂದ 55 ಡಿಗ್ರಿವರೆಗೆ ಲ್ಯಾಬಿನ ಕ್ಯಾಲಿಬ್ರೇಟೆಡ್ ಥರ್ಮಾಮೀಟರ್ ಜೊತೆ ಒಂದೇ ನೀರಲ್ಲಿ ಇಟ್ಟು ಹೋಲಿಸಿದೆ. ಬೇಕಾದ ವ್ಯಾಪ್ತಿ ಅದೇ ಅಲ್ವಾ.

ಇನ್ನೊಂದು ಸೂಕ್ಷ್ಮ. ಥರ್ಮಿಸ್ಟರ್ ಮೂಲಕ ಕರೆಂಟ್ ಹರಿದರೆ ಅದು ತಾನೇ ತುಸು ಬಿಸಿಯಾಗುತ್ತದೆ. ಅದಕ್ಕೆ ನ್ಯಾನೋದ ಒಂದು ಪಿನ್‌ನಿಂದ ಓದುವ ಗಳಿಗೆಗೆ ಮಾತ್ರ ವೋಲ್ಟೇಜ್ ಕೊಡುತ್ತೇನೆ.

ಸುರಕ್ಷತೆಯ ಒಂದು ಮಾತು ಖಂಡಿತ ಹೇಳಬೇಕು. ಎನ್‌ಟಿಸಿ ತಂತಿ ಕಿತ್ತುಹೋದರೆ ಪ್ರೋಗ್ರಾಮಿಗೆ ಅದು ವಿಪರೀತ ಚಳಿ ಅಂತ ಕಾಣುತ್ತದೆ. ಆಗ ಅದು ಪೂರ್ತಿ ಶಕ್ತಿ ಹಾಕಿ ಬಿಸಿ ಮಾಡುತ್ತಲೇ ಇರುತ್ತದೆ. ಓದು ನಂಬಲಾಗದ ಮಟ್ಟಕ್ಕೆ ಹೋದರೆ ಪೆಲ್ಟಿಯರ್ ಆಫ್ ಆಗುವ ಸಾಲು ಪ್ರೋಗ್ರಾಮಿನಲ್ಲಿ ಮೊದಲೇ ಬರೆಯಿರಿ. ಅದರ ಜೊತೆಗೆ ಬ್ಲಾಕಿಗೆ ಒಂದು ಬೈಮೆಟಲ್ ಕಟ್‌ಆಫ್ ಸ್ವಿಚ್ (ಜಾಸ್ತಿ ಬಿಸಿಯಾದರೆ ತಾನೇ ಕರೆಂಟ್ ಕಡಿಯುವಂಥದ್ದು) ಕೂರಿಸಿ, ಅದು ಪ್ರೋಗ್ರಾಮಿನ ಮಾತು ಕೇಳುವಂಥದ್ದಲ್ಲ.

ಬರೀ ನೀರು ಹಾಕಿ ನೋಡಿದಾಗ

ಪಾಲಿಮರ್ ಮುಟ್ಟುವ ಮೊದಲು ಬರೀ ನೀರಿನ ಓಟ ಮಾಡಬೇಕು, ಅಂದರೆ ಬರೀ ನೀರನ್ನು ಬಿಸಿ ಮಾಡುತ್ತಾ ಬೆಳಕಿನ ಗ್ರಾಫ್ ತೆಗೆಯಬೇಕು. ಗೆರೆ ಅಡ್ಡಕ್ಕೆ ನೇರವಾಗಿ ಹೋಗಬೇಕು. ಹೋಗಲಿಲ್ಲ. ಜೊತೆಗಿದ್ದ ಎಂ.ಫಾರ್ಮ್ ಹುಡುಗಿ ಮೊದಲು ಗಮನಿಸಿದಳು. "ಸರ್, ಪಾಲಿಮರ್ ಇಲ್ದೇನೇ ಗ್ರಾಫ್ ಇಳೀತಾ ಇದೆ. 35 ಆದ್ಮೇಲೆ ಕುಣಿಯೋಕೂ ಶುರು ಮಾಡ್ತು."

ಇಲ್ಲಿ ಎರಡು ತೊಂದರೆ ಒಂದರ ಮೇಲೊಂದು ಕೂತಿದ್ದವು. ಬಿಡಿಸೋಕೆ ಸಮಯ ಹಿಡಿಯಿತು. ನಿಧಾನವಾದ ಇಳಿಕೆ ಎಲ್‌ಇಡಿಯದು. ಬ್ಲಾಕ್ ಬಿಸಿಯಾದಂತೆ ಎಲ್‌ಇಡಿಯೂ ಬಿಸಿಯಾಗುತ್ತದೆ, ಬಿಸಿಯಾದ ಎಲ್‌ಇಡಿ ಮಂಕಾಗುತ್ತದೆ. ಕೆಂಪು ಎಲ್‌ಇಡಿಯಲ್ಲಿ ಇದು ತುಂಬಾ ಜಾಸ್ತಿ, ನೀಲಿಯಲ್ಲಿ ಕಡಿಮೆ. ಎಲ್‌ಇಡಿಯನ್ನು ಬ್ಲಾಕಿನಿಂದ ದೂರ ತಳ್ಳಿ ನಡುವೆ ಡೆಲ್ರಿನ್ ಪ್ಲಾಸ್ಟಿಕ್‌ನ ಕೊಳವೆ ಹಾಕಿದೆ. ಕೆಂಪು ತೆಗೆದು 470 ನ್ಯಾನೋಮೀಟರ್‌ನ ನೀಲಿ ಹಾಕಿದೆ. ಗೆರೆ ನೇರವಾಯಿತು. ನೀಲಿಯಿಂದ ಇನ್ನೊಂದು ದೊಡ್ಡ ಲಾಭವೂ ಸಿಕ್ಕಿತು. ಬೆಳಕಿನ ತರಂಗಕ್ಕಿಂತ ತುಂಬಾ ಚಿಕ್ಕ ಕಣಗಳು ಬೆಳಕನ್ನು ಚದುರಿಸುವ ಪ್ರಮಾಣ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮ. ಲೆಕ್ಕ ಹಾಕಿದರೆ 650ರ ಕೆಂಪಿಗಿಂತ 470ರ ನೀಲಿ ಮೂರೂವರೆ ಪಟ್ಟಿಗೂ ಜಾಸ್ತಿ ಚದುರುತ್ತದೆ. ಮಿಸೆಲ್‌ಗಳು ದಪ್ಪವಾಗಲು ಶುರುವಾಗುವ ಗಳಿಗೆ ಹಿಡಿಯೋಕೆ ಇದೇ ಬೇಕು.

ಕುಣಿತಕ್ಕೆ ಕಾರಣ ಗಾಳಿಗುಳ್ಳೆ. ತಣ್ಣೀರಲ್ಲಿ ಕರಗಿದ್ದ ಗಾಳಿ ಬಿಸಿಯಾದಾಗ ಹೊರಗೆ ಬರುತ್ತದೆ. ಕುವೆಟ್ ಗೋಡೆಗೆ, ಥರ್ಮಿಸ್ಟರ್ ಮಣಿಗೆ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಕಚ್ಚಿಕೊಳ್ಳುತ್ತವೆ. ಒಂದು ಗುಳ್ಳೆ ಬೆಳಕಿನ ದಾರಿಗೆ ಬಂದರೆ ಓದು ದಡಕ್ಕನೆ ಬೀಳುತ್ತದೆ, ಗುಳ್ಳೆ ಮೇಲಕ್ಕೆ ಹೋದ ತಕ್ಷಣ ಏರುತ್ತದೆ. ಇದು ಕ್ಲೌಡ್ ಪಾಯಿಂಟ್ ಅಂತ ಕಾಣಬಹುದಾದ ಅಪಾಯ ಇದೆ. ಪರಿಹಾರ ಸುಲಭ. ನೀರನ್ನು ಚೆನ್ನಾಗಿ ಕುದಿಸಿ, ಬಾಟಲಿ ತುಂಬಾ ಹಾಕಿ, ಬಿಗಿಯಾಗಿ ಮುಚ್ಚಿ ತಣಿಸಿ. ಆ ನೀರಲ್ಲೇ ದ್ರಾವಣ ಮಾಡಿ.

ಟ್ಯೂಬ್‌ಲೈಟ್ ಬೆಳಕು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲ್‌ಇಡಿ ಆನ್ ಮಾಡಿ ಓದುವುದು, ಆಫ್ ಮಾಡಿ ಓದುವುದು, ಕಳೆಯುವುದು. ಪ್ರತಿ ಓದನ್ನೂ 20 ಮಿಲಿಸೆಕೆಂಡ್ ಸರಾಸರಿ ಮಾಡಿದರೆ ಮಿನುಗು ಹೊರಟುಹೋಗುತ್ತದೆ. ಮಳೆಗಾಲದಲ್ಲಿ ಬ್ಲಾಕ್ ಅನ್ನು ತುಂಬಾ ತಣಿಸಿದರೆ ಕುವೆಟ್ ಹೊರಗೆ ತೇವ ಕೂತು ಅದೂ ಮಬ್ಬು ತೋರಿಸುತ್ತದೆ. 20 ಡಿಗ್ರಿಗಿಂತ ಕೆಳಗೆ ಹೋಗಬೇಕಾದರೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇಡುತ್ತೇನೆ.

ದ್ರಾವಣ ಮಾಡುವುದು

ಮೊದಲು ಓಡಿಸಿದ್ದು ಪಿನಿಪಾಮ್. ಸರಪಳಿ ಸಾಕಷ್ಟು ಉದ್ದ ಇದ್ದರೆ ಇದರ ಮಬ್ಬಿನ ತಾಪಮಾನ ಸಾಂದ್ರತೆಗೆ ಅಷ್ಟಾಗಿ ಅಲುಗಾಡುವುದಿಲ್ಲ, ಹಾಗಾಗಿ ಪೆಟ್ಟಿಗೆ ಸರಿ ಇದೆಯಾ ಅಂತ ಪರೀಕ್ಷಿಸೋಕೆ ಒಳ್ಳೆಯದು. ತಯಾರಾದ ಪಾಲಿಮರನ್ನೇ ಕೊಳ್ಳಿ. ಅದರ ಮಾನೋಮರ್ (ಸರಪಳಿಯ ಬಿಡಿ ಕೊಂಡಿ) ತಂದು ಮನೆಯಲ್ಲಿ ಮಾಡಲು ಹೋಗಬೇಡಿ, ಅದು ಆರೋಗ್ಯಕ್ಕೆ ಹಾನಿ.

ಸೋಲುಪ್ಲಸ್ ಕರಗಿಸಲು ತಾಳ್ಮೆ ಬೇಕು. ನೀರನ್ನು ಕಲಕುತ್ತಾ ಕಾಳುಗಳನ್ನು ಸ್ವಲ್ಪ ಸ್ವಲ್ಪವೇ ಉದುರಿಸಬೇಕು. ಒಮ್ಮೆಲೇ ಸುರಿದರೆ ಹೊರಗೆ ಅಂಟಾಗಿ ಒಳಗೆ ಒಣಗಿರುವ ಗಂಟು ಕಟ್ಟುತ್ತದೆ. ಬೇಗ ಆಗಲಿ ಅಂತ ಹಾಟ್‌ಪ್ಲೇಟ್ ಹಾಕಿದರೆ ಕೆಲಸ ಕೆಡುತ್ತದೆ, ಮಬ್ಬಿನ ತಾಪಮಾನ ದಾಟಿದ ಮೇಲೆ ಅದು ಕರಗುವುದೇ ಇಲ್ಲವಲ್ಲ. ತಣ್ಣಗೆ ರಾತ್ರಿಯಿಡೀ ಕಲಕಲು ಬಿಡುವುದೇ ಸರಿ. ಮೀಥೈಲ್‌ಸೆಲ್ಯುಲೋಸ್‌ನಲ್ಲಿ ಇದೇ ಗುಣವನ್ನು ತಿರುಗಿಸಿ ಬಳಸುತ್ತಾರೆ. ಅದನ್ನು ಮೊದಲು ಬಿಸಿ ನೀರಿಗೆ ಹಾಕುತ್ತಾರೆ. ಬಿಸಿಯಲ್ಲಿ ಕರಗದ ಕಾರಣ ಗಂಟು ಕಟ್ಟದೆ ಬಿಡಿಬಿಡಿಯಾಗಿ ಹರಡುತ್ತದೆ. ಆಮೇಲೆ ತಣಿಸಿದರೆ ಒಟ್ಟಿಗೆ ಕರಗುತ್ತದೆ.

ನೀರು ಡಿಸ್ಟಿಲ್ಡ್ ಆಗಿರಲೇಬೇಕು. ಬೋರ್‌ವೆಲ್ ನೀರಿನ ಉಪ್ಪಿನಂಶ ಮಬ್ಬಿನ ತಾಪಮಾನವನ್ನು ಕೆಳಗೆ ಎಳೆಯುತ್ತದೆ. ಅಡುಗೆ ಉಪ್ಪು ಎಳೆಯುವುದಕ್ಕಿಂತ ಸೋಡಿಯಂ ಸಲ್ಫೇಟ್ ಜಾಸ್ತಿ ಎಳೆಯುತ್ತದೆ. ಥಯೋಸಯನೇಟ್ ಸಾಮಾನ್ಯವಾಗಿ ಮೇಲಕ್ಕೆ ತಳ್ಳುತ್ತದೆ. ಲವಣಗಳ ಈ ಕ್ರಮವನ್ನು ಹಾಫ್‌ಮೈಸ್ಟರ್ 1888ರಲ್ಲಿ ಮೊಟ್ಟೆಯ ಪ್ರೋಟೀನ್ ಮೇಲೆ ಕೆಲಸ ಮಾಡುತ್ತಾ ಗುರುತಿಸಿದ್ದರು. ಅದೇ ಕ್ರಮ ಈ ಪಾಲಿಮರ್‌ಗಳಿಗೂ ಹೊಂದುತ್ತದೆ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಎರಡು ಗೆರೆ

ಪಿನಿಪಾಮ್ ಓಟದಲ್ಲಿ ಎರಡೂ ಕಣ್ಣುಗಳು 32 ಡಿಗ್ರಿ ಹತ್ತಿರ ಒಟ್ಟಿಗೇ ತಿರುಗಿದವು. ದಾಟುವ ಬೆಳಕು ಬಿತ್ತು, ಚದುರಿದ ಬೆಳಕು ಏರಿತು. ಪೆಟ್ಟಿಗೆ ಸರಿ ಇದೆ ಅಂತ ಸಮಾಧಾನವಾಯಿತು.

ಸೋಲುಪ್ಲಸ್ ಓಟ ಬೇರೆ. 1 ಶೇಕಡಾ ದ್ರಾವಣ, ನಿಮಿಷಕ್ಕೆ ಅರ್ಧ ಡಿಗ್ರಿ ಏರಿಕೆ. ಚದುರಿದ ಬೆಳಕಿನ ಗೆರೆ ಶುರುವಿನಲ್ಲೇ ಸೊನ್ನೆಯಲ್ಲಿಲ್ಲ, ಮಿಸೆಲ್‌ಗಳು ಇವೆಯಲ್ಲ. 35 ಡಿಗ್ರಿ ಆಸುಪಾಸಿನಿಂದ ಅದು ಮೆಲ್ಲಗೆ ಮೇಲಕ್ಕೆ ಬಾಗಲು ಶುರುವಾಯಿತು. ಆ ಹೊತ್ತಿಗೆ ದಾಟಿದ ಬೆಳಕಿನ ಗೆರೆ ಇನ್ನೂ ಅಡ್ಡಕ್ಕೆ ಮಲಗಿತ್ತು. ಕಣ್ಣಿಗೆ ನೋಡಿದರೂ ದ್ರಾವಣ ತಿಳಿಯಾಗೇ ಇತ್ತು. ಆಮೇಲೆ 40ರ ಹತ್ತಿರ ದಾಟುವ ಬೆಳಕು ಕಡಿದಾಗಿ ಬಿತ್ತು. ಇವೆರಡರ ನಡುವಿನ ಅಂತರವೇ ಈ ಪೆಟ್ಟಿಗೆ ಕಟ್ಟಿದ್ದಕ್ಕೆ ಸಿಕ್ಕ ಫಲ. ಬೆನ್ನೆಲುಬು ಉಂಡೆಗಳನ್ನು ದೂರ ದೂರ ಹಿಡಿದಿಟ್ಟಿರುವ ಹಂತ ಅದು. ಒಂದೇ ಕಣ್ಣಿನ ಯಂತ್ರದಲ್ಲಿ ಈ ಹಂತ ಕಾಣುವುದೇ ಇಲ್ಲ. ದೇಹದ ತಾಪಮಾನ 37 ಡಿಗ್ರಿ ಇದರ ಒಳಗೇ ಬರುತ್ತದೆ. ಔಷಧಿ ಸಾಗಿಸುವ ಕಣ ಅಲ್ಲಿ ಎಷ್ಟು ದಪ್ಪ ಇದೆ ಅನ್ನುವುದು ಸಣ್ಣ ವಿಷಯ ಅಲ್ಲ.

ತಣಿಸುವಾಗ ತಿಳಿಯಾಗುವುದು ಸ್ವಲ್ಪ ಕೆಳಗಿನ ತಾಪಮಾನದಲ್ಲಿ. ಅಂಟಿಕೊಂಡ ಉಂಡೆಗಳಿಗೆ ನೀರು ಮತ್ತೆ ನುಗ್ಗಿ ಬಿಡಿಸೋಕೆ ಹೊತ್ತು ಹಿಡಿಯುತ್ತದೆ. ಬಿಸಿ ಏರಿಸುವ, ತಣಿಸುವ ವೇಗ ಇಳಿಸಿದಷ್ಟೂ ಬಿಸಿ ಮಾಡುವಾಗಿನ ಗೆರೆ ಮತ್ತು ತಣಿಸುವಾಗಿನ ಗೆರೆ ಹತ್ತಿರ ಬರುತ್ತವೆ. ನಿಮಿಷಕ್ಕೆ 2 ಡಿಗ್ರಿಯಲ್ಲಿ ಸಿಕ್ಕ ಸಂಖ್ಯೆಯನ್ನು ಕಾಲು ಡಿಗ್ರಿಯಲ್ಲಿ ಸಿಕ್ಕ ಸಂಖ್ಯೆಯ ಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ಸಾಂದ್ರತೆಯೂ ಹಾಗೇ. ಕ್ಯಾಪ್ರೊಲ್ಯಾಕ್ಟಮ್ ಸರಪಳಿಗಳು ಪಿನಿಪಾಮ್‌ನಷ್ಟು ಸ್ಥಿರ ಅಲ್ಲ, ದ್ರಾವಣ ತೆಳುವಾದರೆ ಮಬ್ಬಾಗುವುದು ಮೇಲಕ್ಕೆ ಸರಿಯುತ್ತದೆ. ನಾನು ದಾಟುವ ಬೆಳಕು ಅರ್ಧಕ್ಕೆ ಇಳಿದ ಬಿಂದುವನ್ನು ಕ್ಲೌಡ್ ಪಾಯಿಂಟ್ ಅಂತ ತಗೊಳ್ಳುತ್ತೇನೆ. ಕೆಲವರು ಇಳಿಯಲು ಶುರುವಾದ ಬಿಂದು ತಗೊಳ್ಳುತ್ತಾರೆ. ಯಾವುದಾದರೂ ಆಗಲಿ, ಸಾಂದ್ರತೆ, ವೇಗ, ಬೆಳಕಿನ ಬಣ್ಣ, ಈ ಮೂರರ ಜೊತೆ ಅದನ್ನೂ ಬರೆದಿಡದ ಸಂಖ್ಯೆಯನ್ನು ನಾನು ನನ್ನ ನೋಟ್‌ಬುಕ್‌ಗೆ ಸೇರಿಸುವುದಿಲ್ಲ.

ಕಲಕುವುದನ್ನು ನಿಲ್ಲಿಸಿದರೆ 45 ಡಿಗ್ರಿ ಮೇಲೆ ಒಂದು ವಿಚಿತ್ರ ಕಾಣುತ್ತದೆ. ದಾಟುವ ಬೆಳಕು ಮತ್ತೆ ಏರತೊಡಗುತ್ತದೆ. ಪಾಲಿಮರ್ ತಿರುಗಿ ಕರಗಿತು ಅಂತ ಅಂದುಕೊಳ್ಳಬೇಡಿ. ದಪ್ಪ ಹನಿಗಳು ತಳಕ್ಕೆ ಇಳಿದಿರುತ್ತವೆ, ಬೆಳಕಿನ ದಾರಿ ಖಾಲಿಯಾಗಿರುತ್ತದೆ, ಅಷ್ಟೇ. ಕುವೆಟ್ ಎತ್ತಿ ನೋಡಿದರೆ ಕೆಳಗೆ ಅಂಟಂಟು ಪದರ ಕಾಣುತ್ತದೆ.

ಆ ಪದರ ತೊಳೆಯಲು ಬಿಸಿ ನೀರು, ಸೋಪು ಅಂತ ಹೋಗಬೇಡಿ. ಬಿಸಿ ನೀರಿಗೆ ಅದು ಇನ್ನೂ ಗಟ್ಟಿಯಾಗಿ ಕೂರುತ್ತದೆ, ಸೋಪಿನ ಅಂಶ ಮುಂದಿನ ಓಟವನ್ನು ಕೆಡಿಸುತ್ತದೆ. ಓಟ ಮುಗಿದ ಕೂಡಲೇ ಬ್ಲಾಕ್ ಅನ್ನು 20 ಡಿಗ್ರಿಗೆ ಇಳಿಸಿ, ಕಲಕುವ ಕಡ್ಡಿ ತಿರುಗುತ್ತಿರಲಿ, ದ್ರಾವಣ ಪೂರ್ತಿ ತಿಳಿಯಾದ ಮೇಲೆ ಚೆಲ್ಲಿ. ಆಮೇಲೆ ತಣ್ಣನೆ ಡಿಸ್ಟಿಲ್ಡ್ ನೀರಲ್ಲಿ ಕುವೆಟ್, ಕಡ್ಡಿ, ಥರ್ಮಿಸ್ಟರ್ ಮಣಿ ಮೂರನ್ನೂ ಜಾಲಿಸಿ, ಬರೀ ನೀರು ತುಂಬಿ ಒಂದು ಓಟ ಮಾಡಿ. ಗೆರೆ ನೇರವಾಗಿ ಬಂದರೆ ಮುಂದಿನ ಮಾದರಿ ಹಾಕಬಹುದು.